ಎಡಗಾಲಿನ ಪಟ್ಟಿ

ನಿಂಬರ್ಗಾ
೧೨-೨-೧೯೯೫, ರವಿವಾರ

ಮನೆಯವರಿಗೆ ದ್ರೌಪದಿಯ ಶರಣು.

ನಾವು ಇಲ್ಲಿ ಆರಾಮ ಇದ್ದೇವೆ, ನೀವೂ ಆರಾಮ ಇರಬೇಕು. ಇಷ್ಟು ಬರೆಯುವುದು ರೀತಿ, ಬರೆದಿದ್ದೇನೆ. ಮುಂದಿನದು ರೀತಿ ನೋಡಿ ಬರೆದದ್ದಲ್ಲ. ಲಕೋಟೆಯ ಮೇಲೆ ನಿಮ್ಮ ಹೆಸರು ಸಾಲಿಯ ಮಲ್ಕಪ್ಪ ಮಾಸ್ತರರ ಅಕ್ಷರದಲ್ಲಿರುತ್ತದೆ. ಜಗಳ ಎಷ್ಟೇ ಇರಲಿ, ಗಂಡನ ಹೆಸರು ನನ್ನ ಬಾಯಲ್ಲೂ ಬಂದಿಲ್ಲ, ಕೈಯಲ್ಲೂ ಬಂದಿಲ್ಲ. ಒಳಗಿನ ಕಾಗದ ಮಾತ್ರ ನನ್ನದೇ. ಏಳನೇ ಇಯತ್ತೆಯ ತನಕ ಅಪ್ಪ ಓದಿಸಿದ್ದು ಇಂಥ ದಿನಕ್ಕೇ ಇರಬೇಕು.

ನಿಮ್ಮ ಪತ್ರ ಮತ್ತು ಹರಿದ ತೊಗಲಿನ ಪಟ್ಟಿ ಬುಧವಾರ ಬಂದವು. ಪತ್ರವನ್ನು ಒಂದು ಸಲ ಓದಿದೆ. ಪಟ್ಟಿಯನ್ನು ನಾಲ್ಕು ದಿನ ಓದಿದೆ.

ನಿನ್ನ ತೊಗಲು ಕೊಳೆತದ್ದು, ಹೆಂಗಸಿನ ಕೈಗೆ ಇಷ್ಟೇ ಬರುವುದು, ಕ್ಯಾಪ್ಟನ್ ಸಾಹೇಬರು ಹಿಮದಲ್ಲಿ ಬಿದ್ದು ಮೊಣಕಾಲು ಹೊರಳಿ ಮೂರು ವಾರ ಮಲಗಿದರು, ರೆಜಿಮೆಂಟಿನಲ್ಲಿ ನನ್ನ ಮಾನ ಹೋಯಿತು ಎಂದು ಬರೆದಿದ್ದೀರಿ. ಅದೇ ಕಾಗದದ ಕೆಳಗೆ, ಮಾರ್ಚ್ ತಿಂಗಳಲ್ಲಿ ದೊಡ್ಡ ಸಾಹೇಬರ ಮುಂದೆ ಹಿಮದ ಮೇಲಿನ ಹಲಗೆಯಾಟ ತೋರಿಸುವುದಿದೆ, ಹೊಸ ಜೋಡಿ ಬೇಗ ಕಳಿಸು, ಯಾರ ಮುಂದೂ ಬಾಯಿ ಬಿಡಬೇಡ, ಕಳಿಸಿದರೆ ಹಿಂದಿನದೆಲ್ಲ ಮರೆತು ಅತನೂರಿಗೆ ಕರೆದುಕೊಂಡು ಹೋಗುತ್ತೇನೆ ಎಂದೂ ಬರೆದಿದ್ದೀರಿ. ಅಬ್ಬಬ್ಬಾ, ಏನು ದೊಡ್ಡ ಮನಸ್ಸು! ಕೊಳೆತ ಕೆಲಸ ಮಾಡಿದ ಕೈಯಿಂದಲೇ ಮತ್ತೊಂದು ಜೋಡಿ ಯಾಕೆ ಬೇಕಾಯಿತು?

ಮೊದಲಿನಿಂದ ಹೇಳುತ್ತೇನೆ. ನಿಮಗೆ ಮರೆವು ಜಾಸ್ತಿ.

ನಾನು ತವರಿಗೆ ಬಂದ ಮೇಲೆ ಮೂರು ವರ್ಷ ಒಂದು ಅಕ್ಷರ ಬರೆಯದವರು ಹೋದ ಸಪ್ಟೆಂಬರದಲ್ಲಿ ನಾಲ್ಕು ಪುಟ ಬರೆದಿರಿ. ಸಾಹೇಬರಿಗೆ ಯಾರೋ ವಿಲಾಯತಿ ಗೆಳೆಯ ಒಂದು ಸ್ನೋಬೋರ್ಡ್ ಕೊಟ್ಟು ಹೋಗಿದ್ದಾನೆ, ಎರಡೂ ಕಾಲನ್ನು ಒಂದೇ ಹಲಗೆಗೆ ಬಿಗಿದುಕೊಂಡು ಹಿಮದ ಇಳಿಜಾರಿನಲ್ಲಿ ಜಾರುವ ಆಟ, ಬೂಟು ಹಿಡಿಯುವ ಪ್ಲಾಸ್ಟಿಕ್ ಪಟ್ಟಿಗಳು ಚಳಿಗೆ ಬಿರಿದು ಚೂರಾಗಿವೆ, ಇಲ್ಲಿ ಸಿಗುವುದಿಲ್ಲ, ನನಗೆ ಹೊಳೆಯುತ್ತಿಲ್ಲ ಎಂದು ಬರೆದು, ಹಲಗೆಯ ಚಿತ್ರ ತೆಗೆದು, ಸ್ಕ್ರೂ ಕೂರುವ ಜಾಗಕ್ಕೆಲ್ಲ ಚುಕ್ಕಿ ಇಟ್ಟು ಕಳಿಸಿದಿರಿ. ಫೌಜಿನ ಮೋಚಿ, ಹದಿನಾಲ್ಕು ವರ್ಷದ ನೌಕರಿ, ‘ನನಗೆ ಹೊಳೆಯುತ್ತಿಲ್ಲ’ ಎಂದು ಹೆಂಡತಿಗೆ ಬರೆದದ್ದು! ಆ ಸಾಲನ್ನು ಎಷ್ಟು ಸಲ ಓದಿದೆ ಎಂದು ಹೇಳುವುದಿಲ್ಲ. ಅದಕ್ಕೇ ಸಿಟ್ಟು ಬದಿಗಿಟ್ಟು ಕೆಲಸಕ್ಕೆ ಕುಳಿತೆ.

ಮೊದಲ ಪಟ್ಟಿ ಕೆಟ್ಟಿತು, ಒಪ್ಪಿಕೊಳ್ಳುತ್ತೇನೆ. ಹುಟ್ಟಿದಾಗಿನಿಂದ ಚಪ್ಪಲಿ ನೋಡಿದ ಕೈ ನನ್ನದು. ಚಪ್ಪಲಿ ಅಂದರೆ ಹೆಬ್ಬೆರಳು ಹಿಡಿಯಬೇಕು, ಹಿಮ್ಮಡಿ ಬಿಡಬೇಕು. ಹಾಗೆಯೇ ಬೆರಳಿನ ಮೇಲೆ ಬಿಗಿಯಾಗಿ ಪಟ್ಟಿ ಕೂರಿಸಿದೆ. ಈಗ ಅದನ್ನು ಎಲ್ಲಿ ಪರೀಕ್ಷೆ ಮಾಡುವುದು? ನಿಂಬರ್ಗಾದಲ್ಲಿ ಹಿಮ ಎಲ್ಲಿಂದ ತರಲಿ? ಆಗ ನೆನಪಾಯಿತು ಕೊರಡು. ಬಿಳಿಜೋಳ ಬಿತ್ತುವ ಮುಂಚೆ ಹೆಂಟೆ ಒಡೆಯಲು ಎತ್ತಿನ ಹಿಂದೆ ಎಳೆಸುತ್ತಾರಲ್ಲ, ಭಾರಕ್ಕೆ ಒಬ್ಬರು ಮೇಲೆ ನಿಲ್ಲುತ್ತಾರಲ್ಲ, ಅದೂ ಹಲಗೆಯೇ. ಜಗದೇವಪ್ಪ ಸಾಹುಕಾರರ ಎತ್ತಿನ ಮಿಣಿ, ಬಾರುಕೋಲು ಎಲ್ಲ ನಾನೇ ಹೊಲಿದು ಕೊಡುವುದರಿಂದ ಅವರ ಹೊಲದ ಕೊರಡು ಕೇಳಿದೆ.

ಕಾಲಿಗೆ ಬೂಟು ಬೇಕಿತ್ತು. ಅತನೂರಿನ ನಿಮ್ಮ ಮನೆ ಬಿಡುವಾಗ ತೊಗಲು ಕೊಯ್ಯುವ ನನ್ನ ರಂಪಿಗೆಯೊಂದನ್ನೇ ತಂದೆ, ಬೇರೆ ಒಂದು ಕಡ್ಡಿಯನ್ನೂ ಮುಟ್ಟಲಿಲ್ಲ ಎಂದು ಎಲ್ಲರ ಮುಂದೆ ಹೇಳಿದ್ದೆ. ಸುಳ್ಳು. ನಿಮ್ಮ ಹಳೆಯ ಫೌಜಿ ಬೂಟನ್ನೂ ಸೀರೆಯಲ್ಲಿ ಸುತ್ತಿ ತಂದಿದ್ದೆ. ಯಾಕೆ ಎಂದು ಕೇಳಬೇಡಿ. ಅದರೊಳಗೆ ಅರಿವೆ ತುರುಕಿ, ಕಾಲು ಹಾಕಿ, ಕೊರಡಿಗೆ ಬಿಗಿದುಕೊಂಡು ನಿಂತೆ.

ಸಾಹುಕಾರರು ಬದುವಿನ ಮೇಲೆ ಕುಳಿತು, “ಏನಬೇ ದ್ರೌಪದಿ, ಕೊರಡಿಗಿ ಕಾಲು ಕಟಗೊಂಡು ಎಲ್ಲಿಗಿ ಹೊಂಟಿ?” ಎಂದು ಕೇಳಿದರು. “ಹಿಮಾಲಯಕ್ಕ ಹೊಂಟೇನ್ರಿ ಧಣಿ” ಎಂದೆ. ಎತ್ತು ಹತ್ತು ಹೆಜ್ಜೆ ಹೋಗಲಿಲ್ಲ, ಎರಡೂ ಹಿಮ್ಮಡಿ ಎದ್ದವು, ಬೆರಳು ಮಾತ್ರ ಸಿಕ್ಕಿಕೊಂಡವು, ನಾನು ಮಕಾಡೆ ಎರಿಮಣ್ಣಿಗೆ ಬಿದ್ದೆ. ಇಡೀ ಹೊಲ ನಕ್ಕಿತು. ನಾನೂ ಮಣ್ಣು ಉಗುಳುತ್ತಾ ನಕ್ಕೆ. ಯಾಕೆಂದರೆ ಬಿದ್ದ ಕ್ಷಣಕ್ಕೇ ತಿಳಿಯಿತು: ಈ ಆಟದಲ್ಲಿ ಹಿಡಿಯಬೇಕಾದದ್ದು ಬೆರಳನ್ನಲ್ಲ, ಹಿಮ್ಮಡಿಯನ್ನು. ಹಿಂದಕ್ಕೆ ವಾಲಿದರೆ ಕೊರಡಿನ ಹಿಂದಿನ ಅಂಚು ಮಣ್ಣು ಕಚ್ಚುತ್ತದೆ, ಮುಂದಕ್ಕೆ ವಾಲಿದರೆ ಮುಂದಿನ ಅಂಚು. ಕಾಲು ಹೇಳಿದ್ದನ್ನು ಹಲಗೆ ಕೇಳಬೇಕಾದರೆ ಹಿಮ್ಮಡಿ ಒಂದು ಎಳ್ಳಿನಷ್ಟೂ ಏಳಬಾರದು. ನೀವು ಅಲ್ಲಿ ದಿನಾ ಆ ಹಲಗೆ ನೋಡುತ್ತಿದ್ದಿರಿ, ನಿಮಗೆ ಇದು ತಿಳಿದಿರಲಿಲ್ಲ.

ಆಮೇಲೆ ಪಾದದ ಕುತ್ತಿಗೆಯ ಮೇಲೆ ಓರೆಯಾಗಿ, ಹಿಮ್ಮಡಿಯ ಕಡೆ ಎಳೆಯುವಂತೆ, ಅಗಲ ಪಟ್ಟಿ ಕತ್ತರಿಸಿದೆ. ತಂಗಡಿ ಚಕ್ಕೆಯಲ್ಲಿ ಹದ ಮಾಡಿದ ಎಮ್ಮೆಯ ತೊಗಲು, ಎಂಟು ದಿನ ಔಡಲೆಣ್ಣೆ ಕುಡಿಸಿದ್ದು. ಬಕ್ಕಲ್ ಆಳಂದದ ರಸೂಲ ಕಾಕಾ ಕೊಟ್ಟರು. ಆಟೋ ಬಂದ ಮೇಲೆ ಟಾಂಗಾ ನಿಲ್ಲಿಸಿ, ಕುದುರೆ ಮಾರಿ, ಸೈಕಲ್ಲಿನ ಮೇಲೆ ಐಸ್ ಕ್ಯಾಂಡಿ ಮಾರುತ್ತಿದ್ದಾರೆ. ಕುದುರೆಯ ಸಾಮಾನಿನ ಹಿತ್ತಾಳೆ ಬಕ್ಕಲ್‌ಗಳನ್ನು ಮಾತ್ರ ಯಾರಿಗೂ ಕೊಡದೆ ಇಟ್ಟುಕೊಂಡಿದ್ದರು. “ನನ್ನ ಕುದರಿ ಎಷ್ಟ ಜಗ್ಗಿದ್ರೂ ಇವು ಬಿಚ್ಚಿಲ್ಲ ಬೇಟಿ, ತಗೊಂಡು ಹೋಗು” ಎಂದರು. ಕೈಗವಸು ಹಾಕಿಕೊಂಡೇ ಎಳೆದು ಬಿಚ್ಚಲು ತೊಗಲಿನ ಒಂದು ಬಾಲ ಇಟ್ಟೆ. ಚಳಿಗೆ ತಡೆಯುತ್ತದೋ ಇಲ್ಲವೋ ನೋಡಲು ಪಟ್ಟಿಗಳನ್ನು ಕಾಕಾನ ಕ್ಯಾಂಡಿ ಡಬ್ಬಿಯಲ್ಲೇ ಎರಡು ದಿನ ಇಡಿಸಿದೆ. ಕ್ಯಾಂಡಿಗೆ ತೊಗಲಿನ ವಾಸನೆ ಹತ್ತಿ ಆ ಎರಡು ದಿನ ಅವರಿಗೆ ಗಿರಾಕಿ ಬರಲಿಲ್ಲ. ಪಟ್ಟಿ ಮಾತ್ರ ಬಿರಿಯಲಿಲ್ಲ. ಅದನ್ನೇ ಕಟ್ಟಿಕೊಂಡು ಸಾಹುಕಾರರ ಹೊಲಕ್ಕೆ ಆರು ಸುತ್ತು ಕೊರಡು ಹೊಡೆದೆ, ಬೀಳಲಿಲ್ಲ. ಆಗ ಬಕ್ಕಲಿನ ಪಕ್ಕದಲ್ಲಿ ಚಿಕ್ಕ ಮೊಳೆಯಿಂದ ಚುಕ್ಕಿ ಚುಕ್ಕಿ ಹೊಡೆದು ನನ್ನ ಹೆಸರು, ಊರಿನ ಹೆಸರು ಬರೆದೆ. ಒಂದು ಜೋಳದ ಕಾಳಿನಷ್ಟು ಅಕ್ಷರ. ಅಷ್ಟೇ.

ಡಿಸೆಂಬರಿನಲ್ಲಿ ನಿಮ್ಮ ಪತ್ರ ಬಂತು. ಸಾಹೇಬರು ಮೇಲಿನಿಂದ ಕೆಳಗಿನ ತನಕ ಹಕ್ಕಿಯ ಹಾಗೆ ಬಂದರು, ಎಲ್ಲರ ಮುಂದೆ ನನ್ನ ಬೆನ್ನು ತಟ್ಟಿದರು, ಎಂದು ಬರೆದಿದ್ದಿರಿ. ‘ನನ್ನ’ ಬೆನ್ನು. ನನಗೆ ಆಗಲೇ ತಿಳಿಯಬೇಕಿತ್ತು. ಸಂತೋಷದಲ್ಲಿ ಕಣ್ಣಿಗೆ ಬೀಳಲಿಲ್ಲ, ಅಪ್ಪನಿಗೂ ಓದಿ ಹೇಳಿದೆ, ಕೇರಿಗೆಲ್ಲ ಬೆಲ್ಲ ಹಂಚಿದೆ. ಎಂಥ ಹುಚ್ಚಿ ನಾನು.

ಈಗ ಈ ಹರಿದ ಪಟ್ಟಿ. ಇದು ರಂಧ್ರದಲ್ಲಿ ಹರಿದಿಲ್ಲ, ಹೊಲಿಗೆಯಲ್ಲಿ ಹರಿದಿಲ್ಲ. ಬಕ್ಕಲಿನ ಪಕ್ಕದಲ್ಲಿ, ನನ್ನ ಹೆಸರಿದ್ದ ಜಾಗದಲ್ಲಿ ಹರಿದಿದೆ. ಹೆಸರು ಇಲ್ಲ. ಮೇಲಿನ ಪದರವೇ ಇಲ್ಲ, ಕೆತ್ತಿ ನುಣ್ಣಗೆ ಮಾಡಿ ಪಾಲಿಶ್ ಹಚ್ಚಿದ್ದಾರೆ. ತೊಗಲಿನ ಬಲವೆಲ್ಲ ಮೇಲಿನ ಪದರದಲ್ಲಿ ಎಂಬುದು ರಂಪಿಗೆ ಹಿಡಿದ ಮೊದಲ ದಿನವೇ ಕಲಿಯುವ ಪಾಠ. ನಾನು ಏನೂ ಹೇಳದೆ ಅದನ್ನು ಅಪ್ಪನ ಕೈಗೆ ಕೊಟ್ಟೆ. ಅಪ್ಪನಿಗೆ ಈಗ ಕಣ್ಣು ಪೂರ್ತಿ ಮಂಜು, ಬೆರಳಿನಿಂದಲೇ ನೋಡುತ್ತಾರೆ. ಹೆಬ್ಬೆರಳಾಡಿಸಿ, “ಇದು ತಾನಾಗೇ ಹರದದ್ದಲ್ಲವ್ವ, ಕೆತ್ತ್ಯಾರ. ಯಾವನೋ ಎಡಗೈಯವ ಕೆತ್ತ್ಯಾನ, ಏಟು ಆ ಕಡಿಗಿ ವಾಲ್ಯಾವ” ಎಂದರು. ಅಳಿಯನದು ಎಡಗೈ ಎಂಬುದು ಆಮೇಲೆ ಅವರಿಗೇ ನೆನಪಾಯಿತು. ಪಟ್ಟಿಯನ್ನು ನನ್ನ ಮಡಿಲಲ್ಲಿ ಇಟ್ಟರು. ಆ ಹೊತ್ತು ಊಟ ಮಾಡಲಿಲ್ಲ.

ಸಾಹೇಬರ ಮೊಣಕಾಲು ಹೊರಳಿಸಿದ್ದು ನನ್ನ ಹೊಲಿಗೆ ಅಲ್ಲ, ನಿಮ್ಮ ನಾಚಿಕೆ. ಹೆಂಡತಿಯ ಹೆಸರು ಯಾರಾದರೂ ಓದಿಯಾರು ಎಂಬ ಹೆದರಿಕೆ. ಒಂದು ಜೋಳದ ಕಾಳಿನಷ್ಟು ಅಕ್ಷರ ನಿಮಗೆ ಅಷ್ಟು ಭಾರವಾಯಿತೇ?

ಅಫಜಲಪುರದ ಸಂತೆಯ ದಿನ ನೆನಪಿದೆಯೇ? ನೀವು ರಜೆಯಲ್ಲಿ ಬಂದಿದ್ದಿರಿ. ನಿಮಗೆ ಜ್ವರ, ಮದುಮಗನ ಮೆಟ್ಟು ನಾನು ಹೊಲಿದೆ. ಕೊಂಡವರು ಕೈಯಲ್ಲಿ ಹಿಡಿದು, ಇದು ಯಾರ ಕೈಗೆಲಸ ಎಂದು ಕೇಳಿದರು. ಅತ್ತೆ ಭಾಗಮ್ಮನವರು ನನ್ನ ಮಗನದು ಎಂದರು. ಹಿರಿಯರು, ಅವರನ್ನು ಬಿಡಿ. ನಾನು, ನನ್ನದು ಎಂದೆ. ನೀವು ನಾಲ್ಕು ಮಂದಿಯ ಮುಂದೆ ನಕ್ಕು, “ಆಕಿ ಬರೇ ದಾರಕ್ಕ ಮೇಣ ತಿಕ್ಕತಾಳ್ರಿ” ಎಂದಿರಿ. ಮನೆಗೆ ಬಂದು ನನ್ನ ಕೈಯ ರಂಪಿಗೆ ಕಸಿದು ಅಟ್ಟದ ಮೇಲೆ ಎಸೆದಿರಿ. ಬೈದದ್ದು ಮರೆತೇನು, ಎಸೆದದ್ದು ಮರೆತೇನು, ಆ ಮೇಣದ ಮಾತು ಮಾತ್ರ ಮರೆಯಲಾರೆ. ಮರುದಿನ ಅಟ್ಟ ಹತ್ತಿ ರಂಪಿಗೆ ತೆಗೆದುಕೊಂಡು ಬಸ್ಸು ಹತ್ತಿದೆ. ಈಗ ಎರಡನೆಯ ಸಲ ಅದೇ ಮಾಡಿದ್ದೀರಿ. ಅಂದು ಬಾಯಿಂದ, ಇಂದು ರಂಪಿಗೆಯಿಂದ.

ಹೊಸ ಪಟ್ಟಿ ಕೇಳಿದ್ದೀರಿ. ಮಾಡಿದ್ದೇನೆ. ನೀವು ಕೇಳಿದಿರೆಂದು ಅಲ್ಲ. ನಾನು ಮಾಡಿದ ವಸ್ತು ನಂಬಿ ಒಬ್ಬರು ಬಿದ್ದರಲ್ಲ, ಅದು ನನಗೆ ಸಹಿಸದು. ಈ ಸಲ ಎರಡು ಪದರ ತೊಗಲು, ಬೆನ್ನಿನ ಭಾಗದ್ದೇ. ಆದರೆ ಈ ಪಾರ್ಸಲಿನಲ್ಲಿ ಇರುವುದು ಒಂದೇ, ಎಡಗಾಲಿನದು. ಬಲಗಾಲಿನದು ನನ್ನ ಹತ್ತಿರ ಇದೆ. ಒಂದು ಕಾಲು ಕಟ್ಟಿಕೊಂಡು ಸಾಹೇಬರು ಗುಡ್ಡ ಇಳಿಯಲಾರರು, ನನಗೆ ಗೊತ್ತು. ಅದಕ್ಕೇ ಒಂದು ಕಳಿಸಿದ್ದು.

ಸಾಹೇಬರ ಮುಂದೆ ನಿಂತು ನಿಮ್ಮ ಬಾಯಿಂದಲೇ ಹೇಳಬೇಕು. ಪಟ್ಟಿ ನನ್ನ ಹೆಂಡತಿ ಮಾಡಿದ್ದು, ಹರಿದದ್ದು ನಾನು ಕೆತ್ತಿದ್ದರಿಂದ ಎಂದು. ನಿಮ್ಮದನ್ನೂ ಬಿಟ್ಟುಕೊಡಬೇಡಿ. ಅಳತೆ ನಿಮ್ಮದು, ಚಿತ್ರ ನಿಮ್ಮದು, ಹಲಗೆಗೆ ಸ್ಕ್ರೂ ಕೂರಿಸಿದ್ದು ನೀವು. ಕೂದಲೆಳೆ ಆಚೀಚೆ ಇಲ್ಲದ ಆ ಅಳತೆ ಇಲ್ಲದಿದ್ದರೆ ನನ್ನ ಪಟ್ಟಿ ಎಲ್ಲಿಯೂ ಕೂರುತ್ತಿರಲಿಲ್ಲ, ಅದನ್ನು ನಾನು ಊರೆಲ್ಲ ಹೇಳಿದ್ದೇನೆ. ನಾನು ಹೇಳಿದರೆ ನನ್ನ ಮಾನ ಹೋಗಲಿಲ್ಲ, ನೀವು ಹೇಳಿದರೆ ನಿಮ್ಮದು ಯಾಕೆ ಹೋಗುತ್ತದೆ? ಸಾಹೇಬರು ನನ್ನ ಹೆಸರಿಗೆ ಒಂದು ಕಾರ್ಡು ಬರೆಯಲಿ. ಹಿಂದಿಯಲ್ಲಿ ಬರೆದರೂ ಸೈ, ಮಲ್ಕಪ್ಪ ಮಾಸ್ತರರು ಓದುತ್ತಾರೆ. ವಿಳಾಸ ಅಪ್ಪನ ಮನೆಯದು, ಹೀಗೆಯೇ ಇರಬೇಕು: ದ್ರೌಪದಿ, ತೊಗಲಿನ ಕೆಲಸದವರು, ಹುಲೆಪ್ಪನವರ ಮನೆ, ನಿಂಬರ್ಗಾ. ಇಂಥವರ ಹೆಂಡತಿ ಎಂದಲ್ಲ. ಕಾರ್ಡು ಬಂದ ದಿನವೇ ಬಲಗಾಲಿನದು ಟಪಾಲಿಗೆ ಹೋಗುತ್ತದೆ.

ಅತನೂರಿಗೆ ಕರೆದುಕೊಂಡು ಹೋಗುತ್ತೇನೆ ಎಂದಿದ್ದೀರಿ. ನಾನೇನು ಬಿಟ್ಟು ಬಂದ ಪೆಟ್ಟಿಗೆಯೇ, ಎತ್ತಿಕೊಂಡು ಹೋಗಲಿಕ್ಕೆ? ಬರುವುದಾದರೆ ನಾನೇ ನಡೆದು ಬರುತ್ತೇನೆ, ರಂಪಿಗೆ ಕೈಯಲ್ಲಿ ಹಿಡಿದುಕೊಂಡು, ಹಗಲು ಹೊತ್ತು, ಓಣಿಯ ನಡುವೆ. ಕಟ್ಟೆಯ ಮೇಲೆ ನಿಮ್ಮ ಪಕ್ಕದಲ್ಲಿ ಕುಳಿತು ಕೆಲಸ ಮಾಡುತ್ತೇನೆ. ಇದಕ್ಕೆ ಹೂಂ ಅಂದರೆ ಸರಿ. ಇಲ್ಲವಾದರೆ ನನಗೆ ಇಲ್ಲಿ ಏನೂ ಕಡಿಮೆ ಇಲ್ಲ. ಕೊಳಕೂರಿನಿಂದಲೂ ಈಗ ಮಂದಿ ನನ್ನ ಹೆಸರು ಕೇಳಿಕೊಂಡು ಬರುತ್ತಿದ್ದಾರೆ.

ಇನ್ನೊಂದು ಮಾತು. ಹಳೆಯ ಜೋಡಿಯ ಬಲಗಾಲಿನ ಪಟ್ಟಿ ಇನ್ನೂ ಗಟ್ಟಿ ಇದೆ ಎಂದಿದ್ದೀರಿ. ಅದರ ಮೇಲಿನ ಹೆಸರನ್ನೂ ಕೆತ್ತಿರುತ್ತೀರಿ. ಈ ಕಾಗದ ಓದಿದ ಕೂಡಲೇ ಅದನ್ನು ಬಿಚ್ಚಿ ತೆಗೆಯಿರಿ, ಯಾರ ಕಾಲಿಗೂ ಕಟ್ಟಬೇಡಿ. ಸಿಟ್ಟು ನಿಮ್ಮ ಮೇಲೆ, ಆ ಸಾಹೇಬರ ಇನ್ನೊಂದು ಮೊಣಕಾಲಿನ ಮೇಲಲ್ಲ.

ಅಲ್ಲಿ ಚಳಿ ಬಹಳ ಎಂದು ಕೇಳಿದ್ದೇನೆ. ಕಿವಿ ಮುಚ್ಚಿಕೊಳ್ಳಿ.

ಯಾರ ಕೆಲಸವನ್ನೂ ಕೆತ್ತದ,
ದ್ರೌಪದಿ

ತಾ.ಕ.: ಹೊಸ ಪಟ್ಟಿಯ ಮೇಲೆ ನನ್ನ ಹೆಸರು ಹುಡುಕಬೇಡಿ, ಈ ಸಲ ಹೊಡೆದಿಲ್ಲ. ಎರಡು ಪದರಗಳನ್ನು ಹಿಡಿದಿರುವ ಹೊಲಿಗೆಯೇ ನನ್ನ ಹೆಸರು. ಬೆಳಕಿಗೆ ಹಿಡಿದರೆ ಓದಲು ಬರುತ್ತದೆ. ಅದನ್ನು ಬಿಚ್ಚಿದರೆ ಪಟ್ಟಿ ಎರಡು ಹೋಳಾಗುತ್ತದೆ. ದಾರಕ್ಕೆ ಮೇಣ ತಿಕ್ಕಿದವಳೂ ನಾನೇ. ಬಲಗಾಲಿನದನ್ನು ನಿಮ್ಮ ಹೆಸರಿನಿಂದ ಹೊಲಿಯುತ್ತಿದ್ದೇನೆ. ಬಾಯಲ್ಲಿ ಬಾರದ್ದು ದಾರದಲ್ಲಿ ಬಂತು. ‘ದೇವೀಂ’ ತನಕ ಆಗಿದೆ, ಅಲ್ಲಿಗೆ ದಬ್ಬಣ ಚುಚ್ಚಿ ಇಟ್ಟಿದ್ದೇನೆ. ಉಳಿದ ಅಕ್ಷರ ನಿಮ್ಮ ಉತ್ತರ ನೋಡಿ.