ಗೋಡೆಯೊಳಗಿನ ಮೆಟ್ಟಿಲು

ವಾದಿ ಕಬೀರ್, ಮಸ್ಕತ್
೧೨ ಫೆಬ್ರವರಿ ೨೦೨೫

ಪ್ರೀತಿಯ ಅಕ್ಷಿತಾ,

ಹೇಗಿದ್ದೀಯಾ ಮಗಾ? ಲಕ್ಷಿತನ ಕೆಮ್ಮು ಕಡಿಮೆಯಾಯಿತೇ? ಎಂಟು ತಿಂಗಳ ಮಗುವಿಗೆ ಇಂಗ್ಲೆಂಡಿನ ಚಳಿ ಹೆಚ್ಚೇ. ಸ್ವೆಟರಿನ ಒಳಗೆ ಹತ್ತಿಯ ಅಂಗಿ ಹಾಕು ಎಂದು ಅಮ್ಮ ಹೇಳಿದ್ದಾಳೆ. ನಾವು ಸೌಖ್ಯ. ನನ್ನ ಮೊಣಕಾಲು ಮಾತ್ರ ಹೇಳಿದ ಮಾತು ಕೇಳುವುದಿಲ್ಲ.

ನೀನು ನನ್ನ ಫೋನ್ ಎತ್ತದೆ ಒಂಬತ್ತು ದಿನವಾಯಿತು. "ಮಸ್ಕತ್‌ನಲ್ಲಿ ಕೂತು ನನ್ನ ಮನೆಯ ಗೋಡೆ ಅಳೆಯುವುದು ಬೇಡ ಅಪ್ಪಾ. ಈ ಮಗುವನ್ನು ಕಟ್ಟಿಕೊಂಡು ನಾನು ಎಲ್ಲಿಗೆ ಹೋಗಲಿ?" ಎಂದು ನೀನು ಅಂದೆ. ಆ ಮನೆ ಬಿಡು ಎಂದು ಅಂದು ಬೊಬ್ಬೆ ಹಾಕಿದ್ದು ನನ್ನದೇ ತಪ್ಪು. ಆದರೆ ಇಪ್ಪತ್ತೆಂಟು ವರ್ಷ ಇಲ್ಲಿ ಬಂಗಲೆಗಳ ನಕ್ಷೆ ಬರೆದವನು ಮಗಳ ಮನೆಯನ್ನು ನೋಡಿಯೂ ನೋಡದ ಹಾಗೆ ಹೇಗೆ ಇರಲಿ?

ಅಲ್ಲಿಗೆ ಹೋದ ಹೊಸದರಲ್ಲಿ ನೀನು ಆ ಮನೆಯನ್ನು ಎಷ್ಟು ಹೆಮ್ಮೆಯಿಂದ ವರ್ಣಿಸಿದ್ದೆ! ಜಾರ್ಜ್ ರಾಜರ ಕಾಲ ಮುಗಿಯುತ್ತಿದ್ದಾಗ, ಇನ್ನೂರು ವರ್ಷದ ಹಿಂದೆ, ಹನ್ನೊಂದು ಮನೆಗಳನ್ನು ಗೋಡೆಗೆ ಗೋಡೆ ಸೇರಿಸಿ ಸಾಲಾಗಿ ಕಟ್ಟಿದ್ದು. ಬೀದಿಯಿಂದ ನೋಡಿದರೆ ಒಂದೇ ಅರಮನೆ, ಹಿತ್ತಲಿನಿಂದ ನೋಡಿದರೆ ಒಬ್ಬೊಬ್ಬರದು ಒಂದೊಂದು ಥರ. ಯಜಮಾನರ ಮಹಡಿಯ ಕಿಟಕಿಗಳು ಆಳೆತ್ತರ, ಮೇಲೆ ಹೋದ ಹಾಗೆ ಗಿಡ್ಡ. ಕೆಲಸದ ಹೆಂಗಸರು ಮಲಗುತ್ತಿದ್ದ ಮಾಡಿನಡಿಯ ಕೋಣೆ ಈಗ ನಿನ್ನದು.

ನನಗೆ ಬಹಳ ಹಿಡಿಸಿದ್ದು ಆ ಕಲ್ಲಿನ ಮೆಟ್ಟಿಲು. ಅಡಿಯಲ್ಲಿ ಕಂಬವಿಲ್ಲ, ತೊಲೆಯಿಲ್ಲ. ಪ್ರತಿ ಕಲ್ಲಿನ ಒಂದು ತುದಿ ಗೋಡೆಯೊಳಗೆ, ಅಂಚು ಕೆಳಗಿನ ಕಲ್ಲಿನ ಮೇಲೆ, ಅಷ್ಟೇ ಆಧಾರ. ಆ ಗೋಡೆ ನಿನಗೂ ಪಕ್ಕದ ಮನೆಗೂ ಒಂದೇ. ಈಗ ಪಕ್ಕದವರು ಅದನ್ನೇ ಕೊರೆಯುತ್ತಿದ್ದಾರೆ. ಮಗುವನ್ನು ಮೆಟ್ಟಿಲ ಮೇಲೆ ಕೂರಿಸಿ ನೀನು ಕಳಿಸಿದ ಫೋಟೋದಲ್ಲಿ ಅವನ ನಗುವಿನ ಹಿಂದೆ ಗೋಡೆ ಬಿರಿದದ್ದು ಕಂಡೆ. ಮೆಟ್ಟಿಲಿನ ಮೂರು ಕಲ್ಲುಗಳ ನಡುವೆ ಬೆರಳು ತೂರುವಷ್ಟು ಸಂದು. ಮನೆಯ ಮಾಲೀಕ "ಹಳೇ ಮನೆ, ಬಿರುಕು ಸಹಜ" ಎಂದನಂತೆ. ಅಲ್ಲಿಯ ಒಬ್ಬ ಇಂಜಿನಿಯರಿಗೆ ಬರೆದೆ. ಮಾಲೀಕ ಕರೆಯದೆ ಒಳಗೆ ಕಾಲಿಡುವಂತಿಲ್ಲವಂತೆ. ನಿನ್ನ ಗಂಡನ ಹಡಗು ದಡ ಸೇರುವುದು ಏಪ್ರಿಲ್‌ನಲ್ಲಿ. ನಾನು ಆಫೀಸಿನಿಂದ ಬಂದು ಆ ಮೆಟ್ಟಿಲಿನ ನಕ್ಷೆಯನ್ನೇ ಮತ್ತೆ ಮತ್ತೆ ಬರೆಯುತ್ತೇನೆ. ನಿನ್ನೆ ಅಮ್ಮ ಪೆನ್ಸಿಲ್ ಕಿತ್ತುಕೊಂಡು, "ನೀವು ಬರೆದರೆ ಗೋಡೆ ನಿಲ್ಲುತ್ತದಾ ಮಾರಾಯ್ರೆ?" ಎಂದಳು. ಆಮೇಲೆ ಅವಳೇ ಅತ್ತಳು.

ಲಕ್ಷಿತನ ಎರಡೂ ಕೆನ್ನೆಗೆ ಅಜ್ಜಿಯ ಮುತ್ತು. ನನ್ನ ಕೈ ನಿನ್ನ ತಲೆಯ ಮೇಲಿದೆ ಎಂದುಕೋ.

ನಿನ್ನ ಅಪ್ಪ,
ದೂಮಪ್ಪ

ತಾ.ಕ.: ನನಗೆ ಕೆಲಸ ಕೊಟ್ಟ ಅರಬ್ಬಿ ಧಣಿ, ನಮ್ಮ ಕಫೀಲ್, "ಯಲ್ಲಾ, ಹೊರಡು, ಮಗಳನ್ನು ನೋಡಿ ಬಾ" ಎಂದು ರಜೆ ಕೊಟ್ಟರೂ ವೀಸಾ ಸಿಗಲಿಲ್ಲ. ಅಮ್ಮನಿಗೆ ಇನ್ನೂ ಹೇಳಿಲ್ಲ. ನಾನು ಬರಲಾರೆ ಮಗಾ. ಈ ಪತ್ರ ತಂದವನು ನಮ್ಮ ಆಫೀಸಿನ ಕ್ಲಾರೆನ್ಸ್, ರಜೆಗೆ ನಿಮ್ಮ ಊರಿನಲ್ಲೇ ಇರುವ ತನ್ನ ಅಕ್ಕನ ಮನೆಗೆ ಬಂದಿದ್ದಾನೆ. ಆ ಅಕ್ಕನ ಮನೆಯಲ್ಲಿ ನಿಮಗಿಬ್ಬರಿಗೂ ಒಂದು ಕೋಣೆ ಇದೆ, ನಾನು ಮಾತಾಡಿದ್ದೇನೆ. ಅವನು ಕೆಳಗೆ ಕಾರಿನಲ್ಲಿ ಕಾಯುತ್ತಾನೆ. ನನ್ನ ಮೇಲಿನ ಸಿಟ್ಟು ಹಾಗೇ ಇರಲಿ. ಸಾಮಾನು ಏನೂ ಬೇಡ. ಮಗುವನ್ನು ಎದೆಗೆ ಕಟ್ಟಿಕೋ. ಗೋಡೆಯ ಬದಿಗೇ ಕಾಲಿಡು, ಒಂದೊಂದೇ ಮೆಟ್ಟಿಲು. ಇಳಿ.