ತಾಡಪತ್ರಿ ತೆಗೆದ ದಿನ

ವಡಾಲ, ಮುಂಬೈ
19 ಅಕ್ಟೋಬರ್ 2024

ಪ್ರೀತಿಯ ಮೊಮ್ಮಗಳು ಶೀತಲ್‌ಗೆ,

ಹೈದರಾಬಾದಿನಲ್ಲಿ ಹೊಟ್ಟೆ ತುಂಬ ಉಣ್ಣುತ್ತೀಯೋ, ಕಂಪ್ಯೂಟರ್ ಮುಂದೆ ಬಿಸ್ಕೀಟು ತಿಂದು ಮಲಗುತ್ತೀಯೋ? ನೆಗಡಿ ಹೋಯಿತೇ? ನನ್ನ ಮೊಣಕಾಲು ಇದ್ದಂತೆಯೇ ಇದೆ. ಫೋನಿನಲ್ಲಾದರೆ ನಡುವೆ ಬಾಯಿ ಹಾಕಿ ನನ್ನನ್ನೇ ಗದರುತ್ತೀ, ಅದಕ್ಕೇ ಈ ಕಾಗದ. ನಾನೇ ಕಲಿಸಿದ ಅಕ್ಷರ, ಕೂಡಿಸಿಕೊಂಡು ಓದು.

ನೀನು ಬೇಡವೆಂದದ್ದನ್ನೇ ಮಾಡಿದೆವು. ಗಲ್ಲಿಯವರಿಗೆ ಸರ್ಕಾರ ಹೊಸ ಮನೆ ಕೊಡುವುದಕ್ಕೆಂದು ನಿನ್ನ ಕಂಪನಿ ಉಪಗ್ರಹದ ಚಿತ್ರ ನೋಡಿ ಮಾಡಿದ ನಕ್ಷೆ ಹಿಡಿದು ಬಂದ ಸರ್ವೆಯವನು "ಇಧರ್ ಪಾನಿ ಹೈ, ಘರ್ ನಹೀ" ಎಂದು ಹೇಳಿ ಹೋದಾಗಿನಿಂದ ನನಗೆ ಊಟ ಸೇರಿರಲಿಲ್ಲ. ನಲವತ್ತು ವರ್ಷ ಒಂದು ಕೊಡ ನೀರಿಗೆ ನಲ್ಲಿಯ ಮುಂದೆ ಜಗಳಾಡಿದವರು ನಾವು, ನಮ್ಮ ಗಲ್ಲಿ ಕೆರೆಯಂತೆ, ಇಲ್ಲಿ ಮನೆಗಳೇ ಇಲ್ಲವಂತೆ! ಬಿಸಿಲು ಬಿದ್ದಾಗ ಪ್ರತಿಯೊಂದು ವಸ್ತುವೂ ಒಂದಷ್ಟು ಬೆಳಕನ್ನು ನುಂಗಿ ಉಳಿದದ್ದನ್ನು ಮೇಲಕ್ಕೆ ಕಳಿಸುತ್ತದೆ, ಉಪಗ್ರಹ ಆ ಬೆಳಕನ್ನು ಅಳೆದು ಇದು ನೀರು, ಇದು ತಗಡು ಎಂದು ಗುರುತಿಸುತ್ತದೆ ಎಂದು ನೀನೇ ಬಿಡಿಸಿ ಹೇಳಿದೆ. ಮಳೆಗಾಲಕ್ಕೆ ನಾವು ಸೂರಿನ ಮೇಲೆ ಹೊದಿಸಿದ ನೀಲಿ ಪ್ಲಾಸ್ಟಿಕ್ ತಾಡಪತ್ರಿಗಳನ್ನು ಅದು ನೀರೆಂದುಕೊಂಡಿತ್ತು. ಗುರುವಾರ ಬೆಳಿಗ್ಗೆ ಅದು ಮತ್ತೆ ನಮ್ಮ ನೆತ್ತಿಯ ಮೇಲೆ ಬರುತ್ತದೆ ಎಂದವಳೂ ನೀನೇ. "ಆದ್ರ ತಾಡಪತ್ರಿ ತೆಗೀಬ್ಯಾಡ ಅಜ್ಜಿ, ಮಳಿ ಇನ್ನೂ ಹೋಗಿಲ್ಲ, ನಾ ಆಫೀಸ್‌ನ್ಯಾಗ ಮೆಲ್ಲಗ ಹೇಳ್ತೀನಿ" ಎಂದೆ. ಮೆಲ್ಲಗೆ ಹೇಳಿದ್ದು ಯಾರಿಗೆ ಕೇಳಿಸುತ್ತದೆ ಮಗಳೇ?

ಗುರುವಾರ ಆಕಾಶ ತಿಳಿಯಾಗಿತ್ತು. ಮನೆಮನೆಗೆ ಹೋಗಿ ಎಲ್ಲರನ್ನೂ ಎಬ್ಬಿಸಿದೆ. ಎದುರುಮನೆಯ ಶಂಕ್ರೆಪ್ಪ ಮಾತ್ರ, "ಮಳಿ ಬಂದ್ರ ನನ್ನ ಹಾಸಿಗಿ ನೀ ಒಣಗಸ್ತಿಯೇನಬೇ?" ಎಂದು ಹಟ ಹಿಡಿದ. "ಒಣಗಸ್ತೀನಿ. ಮನೀನ ಹೋದ್ರ ಹಾಸಿಗಿ ಎಲ್ಲಿ ಹಾಸ್ತಿ?" ಎಂದೆ. ಗೊಣಗುತ್ತಲೇ ಹಗ್ಗ ಬಿಚ್ಚಿದ. ಗಲ್ಲಿಯ ತಗಡೆಲ್ಲ ಎಷ್ಟು ಥಳಥಳ ಹೊಳೆಯಿತೆಂದರೆ ನಮಗೇ ಕಣ್ಣು ಬಿಡಲಾಗಲಿಲ್ಲ. ಸಂಜೆ ಹಾಳಾದ ಮಳೆ ಸುರಿಯಿತು, ತಾಡಪತ್ರಿ ಮತ್ತೆ ಹೊದಿಸುವಷ್ಟರಲ್ಲಿ ಮನೆಗಳೆಲ್ಲ ಸೋರಿದವು. ಶಂಕ್ರೆಪ್ಪನ ಹಾಸಿಗೆ ಈಗ ನಮ್ಮ ಫ್ಯಾನಿನ ಕೆಳಗಿದೆ, ನಾನು ಮೂಲೆಯಲ್ಲಿ ಚಾಪೆ ಹಾಸಿಕೊಂಡಿದ್ದೇನೆ. ಇರಲಿ. ಹೊಸ ಚಿತ್ರದಲ್ಲೂ ನೀರೇ ಕಂಡರೆ ಮುಂದಿನ ಸಲ ಮತ್ತೆ ತೆಗೆಯುತ್ತೇವೆ.

ಹೊತ್ತಿಗೆ ಸರಿಯಾಗಿ ಉಣ್ಣು. ನೂರು ವರ್ಷ ಗಟ್ಟಿಯಾಗಿ ಬಾಳು.

ನಿನ್ನ ಅಜ್ಜಿ,
ಮಲ್ಲವ್ವ

ತಾ.ಕ.: ನಿನ್ನ ಸಾಹೇಬರ ಮುಂದೆ ಇದು "ಪರಿಚಯದವರೊಬ್ಬರ ಗಲ್ಲಿ" ಎಂದಿದ್ದೀಯಂತೆ, ನಿನ್ನ ತಂಗಿ ಸಪ್ನಾ ಬಾಯಿಬಿಟ್ಟಳು. ನಾವು ಸೂರು ಬಿಚ್ಚಿ ನಿಂತಿದ್ದೇವೆ, ನೀನು ಮರೆಯಲ್ಲಿ ನಿಲ್ಲಬೇಡ. ಹೊಸ ಚಿತ್ರ ಹಿಡಿದು ಅವರ ಎದುರಿಗೇ ಹೋಗಿ ಹೇಳು: ಇದು ನನ್ನ ಮನೆ, ನಾನು ಈ ತಗಡಿನ ಕೆಳಗೆ ಹುಟ್ಟಿದವಳು.