ಇಲಿಗೆ ಔಷಧಿ, ನಮಗೆ ಚಪ್ಪಾಳೆ

ಕ್ಯೋಟೊದ ನಮ್ಮ ಸಂಶೋಧನಾಲಯದ ಮಾನ್ಯ ನಿರ್ದೇಶಕರೇ,

ಮೊಗಸಾಲೆಯಲ್ಲಿ ನೇತುಹಾಕಿಸಿರುವ ಆ ಹಲಗೆಯನ್ನು ದಯವಿಟ್ಟು ಇಳಿಸಿ. ‘ಮಾತ್ರೆಯಿಲ್ಲದ ಆರೋಗ್ಯ’ ಎಂಬ ತಲೆಬರಹ ಕೊಟ್ಟು, ರಕ್ತದೊತ್ತಡದ ಮಾತ್ರೆ ನುಂಗುವವರೇ ಇಲ್ಲದ ವಿಭಾಗಗಳ ಹೆಸರು ಬರೆಸಿ, ಬೆಳಗಿನ ಸಭೆಯಲ್ಲಿ ಚಪ್ಪಾಳೆ ಹೊಡೆಸುತ್ತೀರಲ್ಲ, ಅದೇ ಹಲಗೆ. ಅದರಿಂದ ನನ್ನ ಗಂಡನ ಬಲಗೈ ಹೋಯಿತು. ಇದನ್ನು ಮೊದಲು ಮೇಲಿನವರಿಗೆ ಹೇಳಿ ನೋಡಿದೆ. “ಪರಿಶೀಲಿಸೋಣ” ಎಂದು ವಿನಯದಿಂದ ತಲೆಬಾಗಿದರು. ನಮ್ಮಲ್ಲಿ ಹಾಗೆಂದರೆ ‘ಆಗುವುದಿಲ್ಲ’ ಎಂದೇ ಅರ್ಥವೆಂದು ನಿಮಗೂ ಗೊತ್ತು. ಆದ್ದರಿಂದ ಪತ್ರಿಕೆಗೆ ಬರೆಯುತ್ತಿದ್ದೇನೆ.

ನಾನೂ ನನ್ನ ಗಂಡ ಶಿಗೆಹಾರು ಅವರೂ ನಿಮ್ಮ ಇಲಿಮನೆಯ ಕೆಲಸಗಾರರು. ನಾವು ಸಾಕುವುದು ಹುಟ್ಟಿನಿಂದಲೇ ರಕ್ತದೊತ್ತಡ ಏರುವ, ಕೊನೆಗೆ ಪಾರ್ಶ್ವವಾಯು ಬಡಿಯುವ ತಳಿ. ಕೆಲವಕ್ಕೆ ಕುಡಿಯುವ ನೀರಿನಲ್ಲಿ ಔಷಧಿ ಬೆರೆಸುತ್ತೇವೆ, ಉಳಿದವಕ್ಕೆ ಬರಿಯ ನೀರು. ಔಷಧಿ ಕುಡಿದವು ಬಹುಪಾಲು ಆರಾಮಾಗಿ ಓಡಾಡಿಕೊಂಡಿರುತ್ತವೆ. ಬರಿನೀರಿನವು ಒಂದು ದಿನ ಮುಂಗಾಲನ್ನು ಎತ್ತಿ ಹಿಡಿದುಕೊಂಡು ಮೂಲೆ ಸೇರುತ್ತವೆ. ಈ ಫಲಿತಾಂಶದ ಬಗ್ಗೆ ನೀವು ಎಷ್ಟೋ ದೇಶಗಳಲ್ಲಿ ಭಾಷಣ ಮಾಡಿ ಬಂದಿದ್ದೀರಿ. ಅದು ನಿಮ್ಮ ನೌಕರರಿಗೆ ಮಾತ್ರ ಅನ್ವಯಿಸುವುದಿಲ್ಲವೇ? ಹಾಗಾದರೆ ಅಷ್ಟೊಂದು ಇಲಿಗಳನ್ನು ಯಾಕೆ ಕೊಂದೆವು, ಸ್ವಾಮಿ?

ನಮ್ಮ ವಿಭಾಗದಲ್ಲಿ ಮಾತ್ರೆ ನುಂಗುತ್ತಿದ್ದವರು ನನ್ನ ಗಂಡ ಒಬ್ಬರೇ. ಯಾರೂ ಬಾಯಿಬಿಟ್ಟು ಏನೂ ಅನ್ನಲಿಲ್ಲ, ಅನ್ನಬೇಕಾಗಿಯೂ ಇರಲಿಲ್ಲ. ಚಪ್ಪಾಳೆ ಪಕ್ಕದ ವಿಭಾಗಕ್ಕೆ ಹೋದ ದಿನ ಅವರು ಮಾತ್ರೆ ನಿಲ್ಲಿಸಿದರು.

“ನನ್ನೊಬ್ಬನಿಂದ ಎಲ್ರೂ ತಲೆ ತಗ್ಗಿಸ್ಬೇಕಾ?” ಅಂದರು.

“ಅಲ್ರೀ, ಇಲಿಗಳಿಗೆ ದಿನಾ ಔಷಧಿ ಹಾಕಿ ಬರ್ತೀರಿ, ನಿಮಗೆ ಮಾತ್ರ ಬೇಡ್ವಾ?”

“ಅವಕ್ಕೆ ಬೀಪಿ ಇದೆ ಕಣೇ. ನಂದು ನಾರ್ಮಲ್ ಆಯ್ತಲ್ಲ.”

“ಮಾತ್ರೆ ತಗೊಂಡಿದ್ದಕ್ಕೇ ನಾರ್ಮಲ್ ಆಗಿದ್ದು! ಬಿಟ್ರೆ ಇರತ್ತಾ?”

“ನೀನೊಬ್ಳು ದೊಡ್ಡ ಡಾಕ್ಟ್ರು,” ಎಂದು ನಕ್ಕು ಉಪ್ಪುಮೂಲಂಗಿಯ ತಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಂಡರು. ಆಮೇಲೆ ನಮ್ಮ ವಿಭಾಗದ ಹೆಸರೂ ಹಲಗೆ ಏರಿತು.

ಒಂದು ಬೆಳಿಗ್ಗೆ ಮಿಸೊ ಸಾರು ಕುಡಿಯುತ್ತ ಕೂತಿದ್ದಾಗ ಅವರ ಬಲಗೈಯಿಂದ ಊಟದ ಕಡ್ಡಿಗಳು ಜಾರಿ ಬಿದ್ದವು. “ಜೋಮು ಹಿಡ್ದಿದೆ ಅಷ್ಟೇ,” ಎಂದು ಎಡಗೈಯಿಂದ ಬಲಗೈಯನ್ನು ಎದೆಗೆ ಎತ್ತಿ ಹಿಡಿದುಕೊಂಡರು. ಆ ಭಂಗಿ ನನಗೆ ಗೊತ್ತಿತ್ತು. ಪಂಜರದಲ್ಲಿ ದಿನವೂ ನೋಡುತ್ತೇನೆ. ಆಂಬುಲೆನ್ಸಿಗೆ ಫೋನು ಮಾಡುವಾಗ ನನಗೆ ವಿಳಾಸವೇ ಬಾಯಿಗೆ ಬರಲಿಲ್ಲ.

ಈಗ ಮತ್ತೆ ಮಾತ್ರೆ ನುಂಗುತ್ತಾರೆ. ನಾಲಿಗೆ ತುಸು ತಿರುಗಲು ಶುರುವಾದಾಗ ಅವರು ಮೊದಲು ಕೇಳಿದ್ದು, “ನಮ್ಮ ವಿಭಾಗದ ಹೆಸ್ರು ತೆಗ್ದುಬಿಟ್ರಾ?” ಎಂದು. ಇಲ್ಲ, ತೆಗೆದಿಲ್ಲ. ರಜೆಯಲ್ಲಿರುವವರನ್ನು ಗಣನೆಗೆ ತೆಗೆದುಕೊಳ್ಳುವುದಿಲ್ಲವಂತೆ. ಆದ್ದರಿಂದ ನಮ್ಮ ಹೆಸರು ಹಲಗೆಯ ಮೇಲೆ ಹಾಗೇ ಇದೆ, ಚಪ್ಪಾಳೆಯೂ ನಮಗೇ. ನನಗೆ ಸಿಟ್ಟು ಮಾಡಿಕೊಳ್ಳುವಷ್ಟು ಶಕ್ತಿಯೂ ಉಳಿದಿಲ್ಲ.

ಶರತ್ಕಾಲ ಬಂತು. ಸಂಶೋಧನಾಲಯದ ಹಿತ್ತಿಲಿನ ಸ್ಮಾರಕದ ಕಲ್ಲಿನ ಮುಂದೆ, ಸತ್ತ ಇಲಿಗಳ ಶಾಂತಿಗೆಂದು ಎಂದಿನಂತೆ ಪೂಜೆ ನಡೆಯುತ್ತದೆ. ನೀವು ಕಪ್ಪು ಸೂಟಿನಲ್ಲಿ ನಿಂತು, ಅವುಗಳ ಪ್ರಾಣದಿಂದ ನಾವು ಕಲಿತೆವೆಂದು ಕೃತಜ್ಞತೆ ಓದುತ್ತೀರಿ. ಏನು ಕಲಿತಿರಿ? ಶಿಗೆಹಾರು ಈ ಸಲವೂ ಬರುತ್ತೇನೆಂದು ಹಟ ಹಿಡಿದು, ಎಡಗೈಯಲ್ಲಿ ಸೇವಂತಿಗೆ ಇಡುವುದನ್ನು ಅಭ್ಯಾಸ ಮಾಡುತ್ತಿದ್ದಾರೆ. ಆ ಕಲ್ಲಿನ ಬಳಿಗೆ ಹೋಗಲು ಮೊಗಸಾಲೆಯನ್ನು ದಾಟಲೇಬೇಕು. ಅಷ್ಟರೊಳಗೆ ಹಲಗೆ ಇಳಿದಿರಲಿ. ಅದನ್ನು ನೋಡಿ ಅವರು ನೊಂದುಕೊಳ್ಳುತ್ತಾರೆಂದಲ್ಲ, ಸಂತೋಷಪಡುತ್ತಾರೆಂದು ನನಗೆ ಭಯ.

ಇಂತಿ,
ನಿಮ್ಮ ಇಲಿಗಳಿಗೆ ಈವತ್ತೂ ತಪ್ಪದೆ ಔಷಧಿ ಹಾಕಿ ಬಂದಿರುವ
ಮಿತ್ಸುಯೊ